48 ಡಿಗ್ರಿಯಿಂದ ಹಿಂದಕ್ಕೆ: ಮೂಳೆ ಕೊರೆಯುವ ಡ್ರಿಲ್‌ಗೆ ಮೋಟರ್ ರೂಪಿಸಿದ ಬಗೆ

ಹಾಳೆಯ ಮೇಲೆ ನಾವು ಮೊದಲು ಬರೆದುಕೊಂಡದ್ದು 48 ಡಿಗ್ರಿ ಸೆಲ್ಸಿಯಸ್. ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601-1ರ ಪ್ರಕಾರ, ಒಂದು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿಯುವ ಲೋಹದ ಮೇಲ್ಮೈ ಇದನ್ನು ದಾಟುವಂತಿಲ್ಲ. ರೋಗಿಯ ದೇಹಕ್ಕೆ ಹತ್ತು ನಿಮಿಷ ಅಥವಾ ಅದಕ್ಕೂ ಹೆಚ್ಚು ತಾಗಿಕೊಂಡಿರುವ ಭಾಗಕ್ಕೆ ಮಿತಿ ಇನ್ನೂ ಕಡಿಮೆ, 43. ಅದರ ಕೆಳಗೆ ಬರೆದದ್ದು 134: ಉಪಕರಣಗಳನ್ನು ಕ್ರಿಮಿಮುಕ್ತಗೊಳಿಸುವ ಆಟೋಕ್ಲೇವ್‌ನ ಹಬೆಯ ಉಷ್ಣತೆ, ಗಾಳಿಯ ಒತ್ತಡವೂ ಸೇರಿ ಸುಮಾರು 3 ಬಾರ್ ಒತ್ತಡದಲ್ಲಿ. ಟಾರ್ಕ್ (ತಿರುಗಿಸುವ ಬಲ), ವೇಗ, ವ್ಯಾಸ ಎಲ್ಲ ಆಮೇಲೆ ಬಂದವು. ಚಿಕ್ಕ ಮೋಟರಿನಿಂದ ದೊಡ್ಡ ಟಾರ್ಕ್ ತೆಗೆಯುವುದು ಅಷ್ಟೇನೂ ಕಷ್ಟವಲ್ಲ, ಕರೆಂಟ್ ಹೆಚ್ಚಿಸಿದರೆ ಬರುತ್ತದೆ. ಆ ಟಾರ್ಕ್ ಹುಟ್ಟಿಸುವ ಬಿಸಿ ಎಲ್ಲಿಗೆ ಹೋಗಬೇಕು, ಹಬೆ ಎಲ್ಲಿಂದ ಒಳಗೆ ನುಗ್ಗುತ್ತದೆ ಎಂಬ ಎರಡು ಪ್ರಶ್ನೆಗಳೇ ವಿನ್ಯಾಸದ ಬಹುಪಾಲನ್ನು ನಿರ್ಧರಿಸುತ್ತವೆ.

ಮೊದಲು ಬಿಸಿಯ ಲೆಕ್ಕ. ಹಿಡಿಕೆ 35 ಮಿಮೀ ವ್ಯಾಸ, 120 ಮಿಮೀ ಉದ್ದ ಎಂದಿಟ್ಟುಕೊಂಡರೆ ಮೇಲ್ಮೈ ಸುಮಾರು 132 ಚದರ ಸೆಂಟಿಮೀಟರ್. ನಿಂತ ಗಾಳಿಯಲ್ಲಿ ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ 10 ವ್ಯಾಟ್ ಹೊರಹೋಗುತ್ತದೆ ಎಂಬುದು ಮೊದಲ ಅಂದಾಜಿಗೆ ಸಾಕು. ಶಸ್ತ್ರಚಿಕಿತ್ಸಾ ಕೊಠಡಿ 22 ಡಿಗ್ರಿ, ಹಿಡಿಕೆ 48. ವ್ಯತ್ಯಾಸ 26 ಡಿಗ್ರಿ. ಗುಣಿಸಿದರೆ ಸಿಗುವುದು 3.4 ವ್ಯಾಟ್. ನಿರಂತರವಾಗಿ ಹೊರಹಾಕಬಹುದಾದ ಬಿಸಿ ಅಷ್ಟೇ. ಅದರಲ್ಲೂ ಅರ್ಧ ಮೇಲ್ಮೈಯನ್ನು ಕೈಗವಸು ತೊಟ್ಟ ಕೈ ಮುಚ್ಚಿರುತ್ತದೆ. ಕೈಯ ರಕ್ತ ಸ್ವಲ್ಪ ಬಿಸಿಯನ್ನು ಒಯ್ಯುತ್ತದೆ ನಿಜ, ಆದರೆ ಅದನ್ನು ನಂಬಿ ವಿನ್ಯಾಸ ಮಾಡಬಾರದು.

ಇನ್ನು ಉಪಕರಣ ಏನು ಕೇಳುತ್ತದೆ ಎಂದು ನೋಡೋಣ. ಮೂಳೆಯ ಕುಳಿ ಅಗಲಿಸುವ ರೀಮರ್‌ಗೆ ನಿಮಿಷಕ್ಕೆ 250ರಿಂದ 350 ಸುತ್ತು, ಭಾರಿ ಟಾರ್ಕ್. ಡ್ರಿಲ್‌ಗೆ 1000ದಿಂದ 1500 ಸುತ್ತು. ಅಲಗು ಅತ್ತಿತ್ತ ಆಡುತ್ತ ಮೂಳೆ ಕೊಯ್ಯುವ ಸ್ಯಾಜಿಟಲ್ ಗರಗಸಕ್ಕೆ ನಿಮಿಷಕ್ಕೆ 10,000ಕ್ಕೂ ಮಿಕ್ಕಿದ ಆಂದೋಲನ. ತಲೆಬುರುಡೆ, ಕಿವಿಯ ಮೂಳೆ ಕೆತ್ತುವ ಬರ್‌ಗಳಿಗೆ 70,000ದಿಂದ 80,000 ಸುತ್ತು. ಇವೆಲ್ಲಕ್ಕೂ ಒಂದೇ ಮೋಟರ್ ಸಾಕೆಂದು ಯಾರಾದರೂ ಕೇಳಿದರೆ ಅಲ್ಲೇ ತಡೆಯಿರಿ. ಎಲ್ಲಕ್ಕೂ ಹೊಂದುವ ಮೋಟರ್ ಎಲ್ಲದರಲ್ಲೂ ಬಿಸಿಯಾಗುತ್ತದೆ. ನಾವು ಇಲ್ಲಿ ಡ್ರಿಲ್ ಒಂದನ್ನೇ ಹಿಡಿದುಕೊಂಡೆವು: ತುದಿಯಲ್ಲಿ 1250 ಸುತ್ತು, ಕೊರೆಯುವಾಗ 0.4 ನ್ಯೂಟನ್ ಮೀಟರ್, ಬಿಟ್ ಕಚ್ಚಿಕೊಂಡಾಗ ಕ್ಷಣಕಾಲ 4 ನ್ಯೂಟನ್ ಮೀಟರ್.

ಮೋಟರಿನ ಹೊರವ್ಯಾಸ 22 ಮಿಮೀ, ಉದ್ದ 50 ಮಿಮೀ. ವೇಗ ನಿಮಿಷಕ್ಕೆ 20,000 ಸುತ್ತು. ವೇಗ ತಗ್ಗಿಸಿ ಟಾರ್ಕ್ ಹೆಚ್ಚಿಸಲು ಎರಡು ಹಂತದ ಪ್ಲಾನೆಟರಿ ಗೇರ್ (ನಡುವಿನ ಚಕ್ರದ ಸುತ್ತ ಪುಟ್ಟ ಚಕ್ರಗಳು ತಿರುಗುವ ಬಗೆ), ಪ್ರತಿ ಹಂತ 4ಕ್ಕೆ 1, ಒಟ್ಟು 16ಕ್ಕೆ 1. ಗ್ರೀಸಿನ ಎಳೆತವನ್ನೂ ಸೇರಿಸಿ ಪ್ರತಿ ಹಂತದ ದಕ್ಷತೆ ಶೇ 90 ಎಂದಿಟ್ಟರೆ ಒಟ್ಟು ಶೇ 81. ಹಾಗಾದರೆ ಕೊರೆಯುವಾಗ ಮೋಟರ್ ಕೊಡಬೇಕಾದದ್ದು 31 ಮಿಲಿ ನ್ಯೂಟನ್ ಮೀಟರ್, ಕಚ್ಚಿಕೊಂಡಾಗ 309. ಹತ್ತು ಪಟ್ಟು ವ್ಯತ್ಯಾಸ. ಈ ಅಂತರವೇ ಶಸ್ತ್ರಚಿಕಿತ್ಸೆಯ ಮೋಟರನ್ನು ಪಂಪು, ಫ್ಯಾನುಗಳ ಮೋಟರಿನಿಂದ ಬೇರೆ ಮಾಡುತ್ತದೆ.

ಮೋಟರುಗಳನ್ನು ಹೋಲಿಸಲು ನಾವು ನೋಡುವುದು ಒಂದೇ ಅಂಕಿ, ಮೋಟರ್ ಸ್ಥಿರಾಂಕ. ಟಾರ್ಕ್ ಸ್ಥಿರಾಂಕವನ್ನು (ಒಂದು ಆಂಪಿಯರಿಗೆ ಸಿಗುವ ಟಾರ್ಕ್) ವೈಂಡಿಂಗಿನ, ಅಂದರೆ ಮೋಟರಿನ ತಾಮ್ರದ ಸುರುಳಿಯ, ರೋಧದ ವರ್ಗಮೂಲದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಒಂದು ವ್ಯಾಟ್ ತಾಮ್ರದ ಬಿಸಿಗೆ ಎಷ್ಟು ಟಾರ್ಕ್ ಸಿಗುತ್ತದೆ ಎಂಬುದರ ಅಳತೆ. ಬೇಕಾದ ಟಾರ್ಕನ್ನು ಇದರಿಂದ ಭಾಗಿಸಿ ವರ್ಗ ಮಾಡಿದರೆ ತಾಮ್ರದಲ್ಲಿ ಸೋರುವ ಶಕ್ತಿ ವ್ಯಾಟಿನಲ್ಲಿ ಸಿಗುತ್ತದೆ. ಅದೇ ತಾಮ್ರದ ಜಾಗದಲ್ಲಿ ತಂತಿಯ ಸುತ್ತುಗಳ ಸಂಖ್ಯೆ ಬದಲಿಸಿದರೂ ಈ ಅಂಕಿ ಬಹುತೇಕ ಬದಲಾಗದು, ಅದಕ್ಕೇ ಇದು ನಂಬಲರ್ಹ. ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿರುವ ಗರಿಷ್ಠ ಟಾರ್ಕ್ ಎಷ್ಟು ಸೆಕೆಂಡಿನದು, ಯಾವ ಉಷ್ಣತೆಯದು, ಮೋಟರನ್ನು ಎಷ್ಟು ದೊಡ್ಡ ಲೋಹದ ತಟ್ಟೆಗೆ ಬಿಗಿದು ಅಳೆದದ್ದು ಎಂದು ತಿಳಿಯದೆ ಅದರಿಂದ ಏನೂ ಉಪಯೋಗವಿಲ್ಲ.

ನಮ್ಮ ಗಾತ್ರಕ್ಕೆ ನಾವು ಇಟ್ಟುಕೊಂಡ ಗುರಿ ಒಂದು ವ್ಯಾಟಿನ ವರ್ಗಮೂಲಕ್ಕೆ 25 ಮಿಲಿ ನ್ಯೂಟನ್ ಮೀಟರ್. ಕೊರೆಯುವಾಗ ತಾಮ್ರದ ನಷ್ಟ 1.5 ವ್ಯಾಟ್. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ 0.39 ಏರುವುದರಿಂದ, ವೈಂಡಿಂಗ್ 125 ಡಿಗ್ರಿ ಮುಟ್ಟಿದರೆ ಅದೇ ನಷ್ಟ 2.1 ವ್ಯಾಟ್. ಕಬ್ಬಿಣದ ನಷ್ಟಕ್ಕೆ (ಬದಲಾಗುವ ಕಾಂತಕ್ಷೇತ್ರ ಕಬ್ಬಿಣದಲ್ಲಿ ಹುಟ್ಟಿಸುವ ಬಿಸಿ) 3 ವ್ಯಾಟ್ ಮೀಸಲಿಟ್ಟೆವು. ಗೇರಿನ ಪಾಲು ನೋಡಿ: ಮೋಟರಿನ ಶಾಫ್ಟಿನಿಂದ ಹೊರಡುವ 65 ವ್ಯಾಟಿನಲ್ಲಿ ಶೇ 19 ಎಂದರೆ 12 ವ್ಯಾಟಿಗೂ ಹೆಚ್ಚು! ಹ್ಯಾಂಡ್‌ಪೀಸ್ (ಕೈಯಲ್ಲಿ ಹಿಡಿಯುವ ಉಪಕರಣ) ಬಿಸಿಯಾಗುತ್ತಿದೆ ಎಂಬ ದೂರು ಬಂದಾಗ ಎಲ್ಲರೂ ಮೋಟರನ್ನು ದೂರುತ್ತಾರೆ. ಮೊದಲು ನೋಡಬೇಕಾದದ್ದು ಗೇರ್ ಪೆಟ್ಟಿಗೆಯೊಳಗಿನ ಗ್ರೀಸಿನ ಪ್ರಮಾಣವನ್ನು. ಅತಿಯಾಗಿ ತುಂಬಿದ ಗ್ರೀಸ್ 20,000 ಸುತ್ತಿನಲ್ಲಿ ಕಡೆಯುತ್ತಲೇ ಬಿಸಿ ಹುಟ್ಟಿಸುತ್ತದೆ.

ಒಟ್ಟು ನಷ್ಟ 17 ವ್ಯಾಟ್ ಚಿಲ್ಲರೆ, ಹೊರಹೋಗಬಲ್ಲದ್ದು 3.4. ಅಂದರೆ ಐದರಲ್ಲಿ ಒಂದು ಪಾಲು ಹೊತ್ತು ಓಡಿಸಬಹುದು, ಒಂದು ನಿಮಿಷ ಓಡಿಸಿದರೆ ನಾಲ್ಕು ನಿಮಿಷ ಬಿಡುವು. ಆ ಒಂದು ನಿಮಿಷದಲ್ಲಿ ಕಾಪಾಡುವುದು ಹ್ಯಾಂಡ್‌ಪೀಸಿನ ತೂಕ. 800 ಗ್ರಾಂ ಉಕ್ಕಿನ ಉಪಕರಣ ಒಂದು ಡಿಗ್ರಿ ಏರಲು ಸುಮಾರು 400 ಜೂಲ್ ಬೇಕು, ಒಂದು ನಿಮಿಷದ ಕೊರೆತದಲ್ಲಿ ಏರುವುದು ಮೂರು ಡಿಗ್ರಿಗೂ ಕಡಿಮೆ. ಹಗುರ ಮಾಡುವ ಉತ್ಸಾಹದಲ್ಲಿ ಲೋಹ ಕಡಿಮೆ ಮಾಡುತ್ತ ಹೋದರೆ ಈ ರಕ್ಷಣೆಯೂ ಕರಗುತ್ತದೆ. ಓಡುವ ಹೊತ್ತು ಮತ್ತು ಬಿಡುವಿನ ಲೆಕ್ಕವನ್ನು ಬಳಕೆಯ ಸೂಚನೆಯಲ್ಲಿ ಬರೆಯುವುದಷ್ಟೇ ಅಲ್ಲ, ಪರೀಕ್ಷೆಯನ್ನೂ ಅದೇ ಲಯದಲ್ಲಿ ಮಾಡಬೇಕು. ಮೊಂಡಾದ ಬಿಟ್ ಹಾಕಿದರೆ ಟಾರ್ಕ್ ಎರಡು ಪಟ್ಟಾಗಬಹುದು, ಆಗ ತಾಮ್ರದ ನಷ್ಟ ನಾಲ್ಕು ಪಟ್ಟು. ಅಷ್ಟೇ ಅಲ್ಲ, ಮೂಳೆಗೂ ಅಪಾಯ. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲಗಳ ಮೇಲೆ ತೋರಿಸಿದಂತೆ, 47 ಡಿಗ್ರಿಯಲ್ಲಿ ಒಂದು ನಿಮಿಷ ಇದ್ದರೆ ಮೂಳೆಯ ಅಂಗಾಂಶ ಕೆಡಲು ಶುರುವಾಗುತ್ತದೆ.

ಬಿಟ್ ಕಚ್ಚಿಕೊಂಡ ಕ್ಷಣದ ಲೆಕ್ಕವೇ ಬೇರೆ. 309 ಮಿಲಿ ನ್ಯೂಟನ್ ಮೀಟರಿಗೆ ತಾಮ್ರದ ನಷ್ಟ 153 ವ್ಯಾಟ್. ವೈಂಡಿಂಗಿನಲ್ಲಿರುವ ತಾಮ್ರ 15 ಗ್ರಾಂ, ಅದರ ಉಷ್ಣಧಾರಣೆ ಡಿಗ್ರಿಗೆ 5.8 ಜೂಲ್. ಅಂದರೆ ಸೆಕೆಂಡಿಗೆ 26 ಡಿಗ್ರಿ ಏರಿಕೆ, ರೋಧ ಏರಿದಂತೆ ಇನ್ನೂ ಜೋರು. ಹಿಡಿಕೆ ತಣ್ಣಗಿದ್ದಾಗಲೇ ಒಳಗಿನ ತಂತಿ ಸುಟ್ಟುಹೋಗಬಹುದು. ಆದ್ದರಿಂದ ನಿಯಂತ್ರಕ ಈ ಟಾರ್ಕಿಗೆ ಬೇಕಾದ 48 ಆಂಪಿಯರನ್ನು ಒಂದು ಸೆಕೆಂಡಿಗಷ್ಟೇ ಬಿಟ್ಟು ಆಮೇಲೆ ಇಳಿಸಬೇಕು. ಇನ್ನೊಂದು ಮಾತು: ಬಿಟ್ ಥಟ್ಟನೆ ನಿಂತಾಗ ಸರ್ಜನ್ನರ ಮಣಿಕಟ್ಟಿಗೆ ಬಡಿಯುವ ಮೊದಲ ಹೊಡೆತ ಕರೆಂಟಿನದಲ್ಲ, ಅಯಸ್ಕಾಂತ ಹೊತ್ತು ತಿರುಗುತ್ತಿದ್ದ ರೋಟರಿನ ಜಡತ್ವದ್ದು. 12 ಮಿಮೀ ವ್ಯಾಸದ, 27 ಗ್ರಾಂ ತೂಕದ ರೋಟರ್ 20,000 ಸುತ್ತಿನಲ್ಲಿ ಸುಮಾರು 1 ಜೂಲ್ ಹೊತ್ತಿರುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು ತಡೆಯಲಾರದು. ಜಡತ್ವ ವ್ಯಾಸದ ನಾಲ್ಕನೇ ಘಾತದಂತೆ ಏರುವುದರಿಂದ, ರೋಟರನ್ನು ದಪ್ಪ ಮಾಡುವ ಬದಲು ಉದ್ದ ಮಾಡುವುದು ಕೈಗೆ ಹಿತ.

ಸ್ಟೇಟರಿನಲ್ಲಿ (ಮೋಟರಿನ ತಿರುಗದ ಹೊರಭಾಗ) ತಂತಿ ಕೂರಿಸುವ ಕಬ್ಬಿಣದ ಹಲ್ಲು ಬೇಕೋ ಬೇಡವೋ ಎಂಬುದು ದೊಡ್ಡ ಕವಲು. ಹಲ್ಲಿರುವ ಸ್ಟೇಟರಿನಲ್ಲಿ ತಾಮ್ರ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ, ಬಿಸಿ ಬೇಗ ಹೊರಬರುತ್ತದೆ, ಗಾಳಿಸಂದು ಕಿರಿದಾದ್ದರಿಂದ ಅಯಸ್ಕಾಂತ ಕಡಿಮೆ ಸಾಕು. ಆದರೆ ಹತ್ತು ಪಟ್ಟು ಕರೆಂಟಿನಲ್ಲಿ ಹಲ್ಲುಗಳು ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತಬಲ ಹೊರಲಾರದೆ), ಕೊಟ್ಟ ಕರೆಂಟಿಗೆ ತಕ್ಕ ಟಾರ್ಕ್ ಬರುವುದಿಲ್ಲ. ಶಾಫ್ಟನ್ನು ಬೆರಳಲ್ಲಿ ತಿರುಗಿಸಿದರೆ ಹಲ್ಲುಹಲ್ಲಿಗೂ ತಡೆದಂತಾಗುವ ಕಾಗಿಂಗ್ ಬೇರೆ. ಹಲ್ಲಿಲ್ಲದ ಸ್ಲಾಟ್‌ಲೆಸ್ ಮೋಟರಿನಲ್ಲಿ ಟಾರ್ಕ್ ಕೊನೆಯವರೆಗೂ ಕರೆಂಟಿಗೆ ನೇರ ಅನುಪಾತದಲ್ಲಿರುತ್ತದೆ, ತಿರುಗುವಿಕೆ ನಯ, ಕಬ್ಬಿಣದ ನಷ್ಟವೂ ಕಡಿಮೆ. ಡ್ರಿಲ್‌ಗೆ ನಾವು ಇದನ್ನೇ ಆರಿಸಿದೆವು. ರೀಮರ್ ಆಗಿದ್ದರೆ ಹಲ್ಲಿರುವುದನ್ನೇ ಒಪ್ಪುತ್ತಿದ್ದೆವು. ಧ್ರುವಗಳು ನಾಲ್ಕು: ಎರಡು ಧ್ರುವದ ರೋಟರಿಗಿಂತ ಪ್ರತಿ ಧ್ರುವದ ಫ್ಲಕ್ಸ್ (ಕಾಂತಪ್ರವಾಹ) ಅರ್ಧವಾಗುವುದರಿಂದ ಹೊರಗಿನ ಕಬ್ಬಿಣದ ಉಂಗುರ ತೆಳುವಾಗಬಹುದು, ಉಳಿದ ಜಾಗ ತಾಮ್ರಕ್ಕೂ ಅಯಸ್ಕಾಂತಕ್ಕೂ. ವಿದ್ಯುತ್ ಆವರ್ತನ 667 ಹರ್ಟ್ಸ್ ಆಗುತ್ತದೆ, 0.2 ಮಿಮೀ ಸಿಲಿಕಾನ್ ಉಕ್ಕಿನ ತಗಡು ಇದಕ್ಕೆ ಸಾಕು. 80,000 ಸುತ್ತಿನ ಬರ್ ಆದರೆ ನಾಲ್ಕು ಧ್ರುವಕ್ಕೆ 2667 ಹರ್ಟ್ಸ್. ಅಲ್ಲಿ 0.1 ಮಿಮೀ ತಗಡು ಬೇಕು, ದಪ್ಪ ಅರ್ಧವಾದರೆ ಕಬ್ಬಿಣದೊಳಗೇ ಸುತ್ತುವ ಸುಳಿ ಕರೆಂಟಿನ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಇಲ್ಲವೇ ಎರಡು ಧ್ರುವಕ್ಕೆ ಮರಳಬೇಕು.

ಅಯಸ್ಕಾಂತದ ಆಯ್ಕೆಯಲ್ಲಿ ಕೊಠಡಿ ಉಷ್ಣತೆಯ ಅಂಕಿಗಳು ದಾರಿ ತಪ್ಪಿಸುತ್ತವೆ. ಹೆಚ್ಚು ಬಿಸಿ ತಾಳುವ ನಿಯೋಡಿಮಿಯಂ ಸುಮಾರು 1.2 ಟೆಸ್ಲಾ, ಸಮೇರಿಯಂ ಕೋಬಾಲ್ಟ್ 1.08 ಟೆಸ್ಲಾ. ಆದರೆ ನಿಯೋಡಿಮಿಯಂ ಪ್ರತಿ ಡಿಗ್ರಿಗೆ ಶೇ 0.12ರಷ್ಟು ಕಳೆದುಕೊಂಡರೆ ಸಮೇರಿಯಂ ಕೋಬಾಲ್ಟ್ ಕಳೆದುಕೊಳ್ಳುವುದು ಶೇ 0.035ರಷ್ಟು. ರೋಟರ್ 100 ಡಿಗ್ರಿ ಮುಟ್ಟಿದಾಗ ಎರಡೂ ಹತ್ತಿರ ಹತ್ತಿರ: 1.08 ಮತ್ತು 1.05. ಇನ್ನು ಆಟೋಕ್ಲೇವಿನ ಒಳಗೆ ಅಯಸ್ಕಾಂತ ತನ್ನ ಬಲ ಕಳೆದುಕೊಳ್ಳುತ್ತದೆ ಎಂಬ ಭಯ ಅರ್ಧ ನಿಜ. ಅಲ್ಲಿ ಕರೆಂಟ್ ಹರಿಯುವುದಿಲ್ಲ, ಎದುರು ಕ್ಷೇತ್ರವೂ ಇಲ್ಲ. ನಿಜವಾದ ಅಪಾಯದ ಗಳಿಗೆ ಆಟೋಕ್ಲೇವಿನಿಂದ ತೆಗೆದು ಪೂರ್ತಿ ಆರುವ ಮುನ್ನವೇ ಉಪಕರಣವನ್ನು ಬಳಸಿ, ಅದೇ ಹೊತ್ತಿಗೆ ಬಿಟ್ ಕಚ್ಚಿಕೊಂಡರೆ. ರೋಟರ್ ಇನ್ನೂ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲಿಂದ 48 ಆಂಪಿಯರಿನ ಎದುರು ಕ್ಷೇತ್ರ. ಡೀಮ್ಯಾಗ್ನೆಟೈಸೇಷನ್ (ಅಯಸ್ಕಾಂತ ಬಲ ಕಳೆದುಕೊಳ್ಳುವ) ಲೆಕ್ಕವನ್ನು ಈ ಎರಡನ್ನೂ ಒಟ್ಟಿಗೆ ಸೇರಿಸಿಯೇ ಮಾಡಬೇಕು. ವೈಂಡಿಂಗಿನ ತುದಿಯಲ್ಲಿ ಉಷ್ಣತೆ ಅಳೆಯುವ ಥರ್ಮಿಸ್ಟರ್ ಇಟ್ಟು, ಬಿಸಿಯಿದ್ದಾಗ ಕರೆಂಟಿನ ಮಿತಿಯನ್ನು ತಾನಾಗಿ ತಗ್ಗಿಸುವುದು ಒಳ್ಳೆಯ ವಿಮೆ.

ಆಟೋಕ್ಲೇವಿನಲ್ಲಿ ನಿಯೋಡಿಮಿಯಮ್ಮನ್ನು ಕೊಲ್ಲುವುದು ಹಬೆ. ಲೇಪನದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ತೇವ ಕಣಗಳ ನಡುವೆ ನುಗ್ಗಿ ಅಯಸ್ಕಾಂತವನ್ನು ಪುಡಿಯಾಗಿಸುತ್ತದೆ, ಆ ಪುಡಿ ಬೇರಿಂಗಿಗೆ ಹೋಗುತ್ತದೆ. ಸಮೇರಿಯಂ ಕೋಬಾಲ್ಟ್ ತುಕ್ಕಿಗೆ ಜಗ್ಗದು. ಆದರೆ ಬಳಪದಂತೆ ಬಿರುಸು, ಜೋಡಿಸುವಾಗ ಅಂಚು ಒಡೆಯುತ್ತದೆ. ಹಾಗಾಗಿ ಅಂಚುಗಳಿಗೆ ಸಣ್ಣ ಇಳಿಜಾರು ಕೊಟ್ಟು, ಮೇಲೆ ತೆಳುವಾದ ಅಕಾಂತೀಯ ಲೋಹದ ತೋಳು ಹಾಕಿ, ಎರಡೂ ತುದಿ ಲೇಸರಿನಲ್ಲಿ ಬೆಸೆದೆವು. ಅಯಸ್ಕಾಂತೀಕರಣ ಜೋಡಣೆ ಮುಗಿದ ಮೇಲೆ. ಬಲಬಂದ ತುಂಡುಗಳನ್ನು ಜೋಡಿಸಲು ಹೋದರೆ ಅವು ಹಾರಿ ಒಂದಕ್ಕೊಂದು ಬಡಿದು ಚೂರಾಗುತ್ತವೆ.

ವೈಂಡಿಂಗ್ ಬ್ಯಾಟರಿಯಿಂದ ನಿರ್ಧಾರವಾಗುತ್ತದೆ. ಐದು ಲಿಥಿಯಂ ಕೋಶಗಳು ಸರಣಿಯಲ್ಲಿ, 18 ವೋಲ್ಟ್. ಭಾರ ಬಿದ್ದಾಗ, ಚಾರ್ಜ್ ತಗ್ಗಿದಾಗ 14 ವೋಲ್ಟಿಗೆ ಕುಸಿಯುತ್ತದೆ ಎಂದಿಟ್ಟುಕೊಳ್ಳಬೇಕು. 14 ವೋಲ್ಟಿನಲ್ಲೂ 20,000 ಸುತ್ತು ಸಿಗಲು ವೋಲ್ಟಿಗೆ 1500 ಸುತ್ತಿನ ವೈಂಡಿಂಗ್ ಬೇಕು. ಅದಕ್ಕೆ ಟಾರ್ಕ್ ಸ್ಥಿರಾಂಕ ಆಂಪಿಯರಿಗೆ 6.4 ಮಿಲಿ ನ್ಯೂಟನ್ ಮೀಟರ್, ರೋಧ 65 ಮಿಲಿಓಮ್. ಕೊರೆಯುವಾಗ 4.9 ಆಂಪಿಯರ್. ರೋಧ ಇಷ್ಟು ಕಡಿಮೆಯಿರುವಾಗ ತಂತಿ, ಕನೆಕ್ಟರ್, ಕರೆಂಟ್ ಹಾಯಿಸಿ ತಡೆಯುವ ಮಾಸ್‌ಫೆಟ್ ಸ್ವಿಚ್‌ಗಳ 10 ಮಿಲಿಓಮ್ ಕೂಡ ಶೇ 15ರಷ್ಟು ನಷ್ಟ ಹೆಚ್ಚಿಸುತ್ತದೆ. ಮೋಟರಿಗಾಗಿ ಅಷ್ಟು ಶ್ರಮಪಟ್ಟು ಗಳಿಸಿದ್ದು ಒಂದು ಸಡಿಲ ಕ್ರಿಂಪಿನಲ್ಲಿ ಸೋರಿಹೋಗುತ್ತದೆ.

ಸ್ಲಾಟ್‌ಲೆಸ್ ಮೋಟರಿನ ನಿಜವಾದ ಬಲೆ ಇರುವುದು ಅದರ ಕಡಿಮೆ ಇಂಡಕ್ಟನ್ಸಿನಲ್ಲಿ (ಕರೆಂಟಿನ ಬದಲಾವಣೆಗೆ ಒಡ್ಡುವ ತಡೆ). 15 ಮೈಕ್ರೋಹೆನ್ರಿ ವೈಂಡಿಂಗಿಗೆ 18 ವೋಲ್ಟನ್ನು 20 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿ ಕೊಟ್ಟರೆ, ಅರ್ಧ ಡ್ಯೂಟಿಯಲ್ಲಿ (ಅರ್ಧ ಹೊತ್ತು ಮಾತ್ರ ಆನ್) ಕರೆಂಟಿನ ಏರಿಳಿತ 15 ಆಂಪಿಯರ್. ಅದರ ಆರ್‌ಎಂಎಸ್ ಬೆಲೆ (ಬಿಸಿಯ ಲೆಕ್ಕಕ್ಕೆ ಹಿಡಿಯುವ ಸರಾಸರಿ) 4.3 ಆಂಪಿಯರ್, ಕೆಲಸ ಮಾಡುವ 4.9ಕ್ಕೆ ಹತ್ತಿರ ಹತ್ತಿರ ಸಮ. ಈ ಏರಿಳಿತ ಟಾರ್ಕ್ ಏನೂ ಕೊಡದು, ತಾಮ್ರವನ್ನು ಮಾತ್ರ ಶೇ 78ರಷ್ಟು ಹೆಚ್ಚು ಬಿಸಿ ಮಾಡುತ್ತದೆ. ಒಂದೇ ಮೋಟರ್ ಒಂದು ಡ್ರೈವರಿನಲ್ಲಿ ತಣ್ಣಗೆ, ಇನ್ನೊಂದರಲ್ಲಿ ಕೈಸುಡುವಂತೆ ಓಡಿದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. 100 ಕಿಲೋಹರ್ಟ್ಸ್‌ಗೆ ಏರಿಸಿದರೆ ಏರಿಳಿತ 3 ಆಂಪಿಯರಿಗೆ ಇಳಿಯುತ್ತದೆ, ಮಾಸ್‌ಫೆಟ್‌ಗಳ ಸ್ವಿಚಿಂಗ್ ನಷ್ಟ ಏರುತ್ತದೆ. ನಮ್ಮ ಅನುಭವದಲ್ಲಿ ಆ ವಿನಿಮಯ ಲಾಭದ್ದೇ. ತಂತಿಯನ್ನು ಒಂದೇ ದಪ್ಪ ಎಳೆಯ ಬದಲು ಹಲವು ತೆಳು ಎಳೆಗಳಾಗಿ ಹೊಸೆಯುವುದೂ ಅಗತ್ಯ, ಏಕೆಂದರೆ ಇಲ್ಲಿ ತಾಮ್ರ ಕಾಂತಕ್ಷೇತ್ರದ ನಡುವೆಯೇ ನಿಂತಿರುತ್ತದೆ.

ಇನ್ನು ಹಬೆ. ಆಟೋಕ್ಲೇವ್ ಬರಿಯ ಒಲೆಯಲ್ಲ. ಮೊದಲು ಗಾಳಿ ಹೀರುತ್ತದೆ, ಹಬೆ ತುಂಬುತ್ತದೆ, ಮತ್ತೆ ಹೀರುತ್ತದೆ. ಹೀಗೆ ಹಲವು ಬಾರಿ ಒತ್ತಡ ಏರಿಳಿದಾಗ ತೇವ ಪ್ರತಿಯೊಂದು ಸಂದಿಗೂ ತಳ್ಳಲ್ಪಡುತ್ತದೆ. 134 ಡಿಗ್ರಿಯ ಒಣ ಒಲೆಯಲ್ಲಿ ಸಾವಿರ ಗಂಟೆ ತಾಳಿದ ವೈಂಡಿಂಗ್ ಹಬೆಯಲ್ಲಿ ಬೇಗ ಸೋಲಬಹುದು. ಆದ್ದರಿಂದ ಒಣ ಒಲೆಯ ಫಲಿತಾಂಶವನ್ನು ಹಬೆಯ ಪರೀಕ್ಷೆಗೆ ಬದಲಿಯಾಗಿ ಒಪ್ಪಲೇಬಾರದು.

ವೈಂಡಿಂಗಿಗೆ ನಿರ್ವಾತದಲ್ಲಿ ಎಪಾಕ್ಸಿ ತುಂಬುವಾಗ ಒಂದು ಗುಳ್ಳೆ ಉಳಿದರೂ ಅಲ್ಲಿ ನೀರು ಸೇರುತ್ತದೆ, ಮುಂದಿನ ನಿರ್ವಾತದಲ್ಲಿ ಕುದಿದು ಬಿರುಕು ಬಿಡಿಸುತ್ತದೆ. ಎಪಾಕ್ಸಿಯ ಗಾಜು ಪರಿವರ್ತನೆ ಉಷ್ಣತೆ (ಗಟ್ಟಿ ಎಪಾಕ್ಸಿ ಮೆತ್ತಗಾಗುವ ಹಂತ) 150 ಎಂದು ಪತ್ರದಲ್ಲಿದ್ದರೆ ಸಾಕೆನಿಸುತ್ತದೆ. ಸಾಲದು. ಆ ಅಂಕಿ ಒಣ ಮಾದರಿಯದು, ನೀರು ಹೀರಿದ ಎಪಾಕ್ಸಿಯಲ್ಲಿ ಅದು 134ರ ಕೆಳಕ್ಕೂ ಜಾರಬಹುದು. ಜಾರಿದ ಮೇಲೆ ಹಿಗ್ಗುವಿಕೆ ಸುಮಾರು ಮೂರು ಪಟ್ಟಾಗುತ್ತದೆ. ಪುಡಿ ಬೆರೆಸದ ಎಪಾಕ್ಸಿ ಮೊದಲೇ ತಾಮ್ರಕ್ಕಿಂತ ಮೂರು ಪಟ್ಟು ಹಿಗ್ಗುವಂಥದ್ದು. ಪ್ರತಿ ಆವರ್ತನದಲ್ಲೂ ಎಳೆದೆಳೆದು ಕೊನೆಗೆ ತುಂಡಾಗುವುದು ವೈಂಡಿಂಗಿನ ತೆಳು ತಂತಿ ದಪ್ಪ ಲೀಡ್ ತಂತಿಗೆ ಸೇರುವ ಜಾಗದಲ್ಲಿ. ಆ ಸೇರುವೆಯನ್ನು ಬಿಗಿಯಾಗಿ ಎಳೆಯದೆ ಸಣ್ಣ ಬಳಸು ಬಿಟ್ಟು, 170ಕ್ಕಿಂತ ಮೇಲಿನ ಪರಿವರ್ತನೆ ಉಷ್ಣತೆಯ, ಖನಿಜ ಪುಡಿ ಬೆರೆತ ಎಪಾಕ್ಸಿ ಬಳಸಿದೆವು. ಪುಡಿಯಿಂದ ಉಷ್ಣವಾಹಕತೆಯೂ ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ 0.2ರಿಂದ 1 ವ್ಯಾಟಿನ ಆಸುಪಾಸಿಗೆ ಏರುತ್ತದೆ, ಆದರೆ ದ್ರವ ದಪ್ಪಗಾಗಿ ಎಳೆಗಳ ನಡುವೆ ಇಳಿಯಲು ತಿಣುಕುತ್ತದೆ. ಸ್ಟೇಟರನ್ನೂ ಎಪಾಕ್ಸಿಯನ್ನೂ ಮೊದಲೇ ಬಿಸಿ ಮಾಡಿಕೊಂಡು ನಿಧಾನವಾಗಿ ಸುರಿಯುವುದೇ ದಾರಿ.

ರೋಟರ್ ಎಲ್ಲಿದೆ ಎಂದು ತಿಳಿಸುವ ಹಾಲ್ ಸೆನ್ಸರುಗಳು ಬಿಸಿಗಿಂತ ತೇವಕ್ಕೆ ಹೆಚ್ಚು ಸೋಲುತ್ತವೆ, ಅದರಲ್ಲೂ ಪುಟ್ಟ ಬೋರ್ಡಿನ ಬೆಸುಗೆ ಕಾಲುಗಳ ನಡುವೆ. ವೇಗದ ಬರ್‌ಗೆ ಸೆನ್ಸರ್ ಬೇಡವೆಂದರೂ ನಡೆಯುತ್ತದೆ. ಡ್ರಿಲ್‌ಗೆ ಹಾಗಲ್ಲ: ನಿಂತಲ್ಲಿಂದ ಪೂರ್ಣ ಟಾರ್ಕಿನಲ್ಲಿ ಹೊರಡಬೇಕು, ಸೆನ್ಸರ್ ಇಲ್ಲದೆ ಸ್ಥಾನ ತಿಳಿಯಲು ಬೇಕಾದ ಹಿಮ್ಮುಖ ವೋಲ್ಟೇಜ್ (ತಿರುಗುವ ರೋಟರ್ ವೈಂಡಿಂಗಿನಲ್ಲಿ ಹುಟ್ಟಿಸುವುದು) ನಿಂತ ರೋಟರಿನಲ್ಲಿ ಇರುವುದೇ ಇಲ್ಲ. ಆದ್ದರಿಂದ ಸೆನ್ಸರ್ ಬೋರ್ಡನ್ನು ವೈಂಡಿಂಗಿನ ಜೊತೆಗೇ ಎಪಾಕ್ಸಿಯಲ್ಲಿ ಮುಳುಗಿಸಿದೆವು.

ಸೀಲ್ ಎಲ್ಲಿರಬೇಕು ಎಂಬುದನ್ನೂ ಬಿಸಿಯೇ ಹೇಳಿತು. ಮೋಟರಿನ ಶಾಫ್ಟಿನಲ್ಲೇ ತುಟಿ ಸೀಲ್ ಕೂರಿಸಿದರೆ, ಅದರ ಎಳೆತ 2 ಮಿಲಿ ನ್ಯೂಟನ್ ಮೀಟರ್ ಇದ್ದರೂ 20,000 ಸುತ್ತಿನಲ್ಲಿ 4.2 ವ್ಯಾಟ್. ಇಡೀ ಹಿಡಿಕೆಯ ಪಾಲಿಗಿಂತ ಹೆಚ್ಚು. ಅದೇ ಸೀಲನ್ನು ಗೇರಿನ ಹೊರತುದಿಗೆ ಒಯ್ದರೆ, ದೊಡ್ಡ ಶಾಫ್ಟಿನಿಂದ ಎಳೆತ 10 ಆದರೂ 1250 ಸುತ್ತಿಗೆ 1.3 ವ್ಯಾಟ್ ಮಾತ್ರ. ಮೂಳೆಯ ಪುಡಿ, ರಕ್ತ, ಶೇ 0.9 ಉಪ್ಪುನೀರು ಎಲ್ಲವೂ ಅಲ್ಲೇ ನಿಲ್ಲುತ್ತವೆ. ಹಿಂದಿನ ಬೇರಿಂಗಿನವರೆಗೂ ನೀರು ಹೋದ ಹ್ಯಾಂಡ್‌ಪೀಸುಗಳಲ್ಲಿ ಕಾರಣ ಸಾಮಾನ್ಯವಾಗಿ ಒಂದೇ: ಆಟೋಕ್ಲೇವಿನಿಂದ ತೆಗೆದ ಬಿಸಿ ಉಪಕರಣವನ್ನು ಬೇಗ ಆರಲೆಂದು ತಣ್ಣೀರಿಗೆ ಅದ್ದುವುದು. ಒಳಗಿನ ಗಾಳಿ ಕುಗ್ಗಿ, ಸೀಲಿನ ತುಟಿಯ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಇದನ್ನು ಬಳಕೆಯ ಸೂಚನೆಯ ಮೊದಲ ಪುಟದಲ್ಲೇ ಬರೆಯಬೇಕು.

ಬೇರಿಂಗಿಗೆ ಸ್ಟೇನ್‌ಲೆಸ್ ಉಂಗುರ, ಸಿಲಿಕಾನ್ ನೈಟ್ರೈಡ್ ಗುಂಡು. ಉಕ್ಕಿನ ಗುಂಡಿಗಿಂತ ಅರ್ಧಕ್ಕೂ ಕಡಿಮೆ ತೂಕ, ಗ್ರೀಸ್ ಕಡಿಮೆಯಾದರೂ ಉಕ್ಕಿಗೆ ಅಂಟಿ ಕೀಳುವುದಿಲ್ಲ. ಗ್ರೀಸ್ ಹಬೆಗೆ ಕರಗಿ ಹೋಗದ ಪರ್‌ಫ್ಲೋರೋಪಾಲಿಈಥರ್ ಬಗೆಯದು. ಹಿಂಬದಿಯಲ್ಲಿ ಅಲೆಸ್ಪ್ರಿಂಗಿನಿಂದ ಲಘು ಪೂರ್ವಭಾರ. ಜೋಡಿಸುವಾಗ ಒತ್ತುವುದು ಬಿಗಿಯಾಗಿ ಕೂರುವ ಉಂಗುರವನ್ನು ಮಾತ್ರ. ಗುಂಡುಗಳ ಮೂಲಕ ಒತ್ತಿದರೆ ಓಟದ ಹಾದಿಯಲ್ಲಿ ಕಾಣದ ಗುಳಿ ಬಿದ್ದು ಸದ್ದು ಶುರುವಾಗುತ್ತದೆ. ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಹಲಗೆಗೆ ಬೀಳಿಸುವ ಪರೀಕ್ಷೆಯ ನಂತರವೂ ಕಿವಿಗೊಟ್ಟು ಕೇಳಬೇಕಾದದ್ದು ಇದೇ ಸದ್ದನ್ನು. ಸಮತೋಲನದ ಮಾತೂ ಇಲ್ಲೇ ಬರುತ್ತದೆ. ಜಿ2.5 ಎಂಬ ಸಮತೋಲನ ದರ್ಜೆಗೆ 80,000 ಸುತ್ತಿನ ರೋಟರಿನ ತೂಕದ ಕೇಂದ್ರ 0.3 ಮೈಕ್ರಾನಿಗಿಂತ ಆಚೀಚೆ ಇರುವಂತಿಲ್ಲ, ನಮ್ಮ 20,000 ಸುತ್ತಿಗೆ 1.2 ಮೈಕ್ರಾನ್ ನಡೆಯುತ್ತದೆ.

ಮಾದರಿ ಕೈಗೆ ಬಂದಾಗ ಮೊದಲು ನಾಲ್ಕು ತಂತಿಯ ವಿಧಾನದಲ್ಲಿ ರೋಧ ಅಳೆದು, ಕೊಠಡಿಯ ಉಷ್ಣತೆಯನ್ನೂ ಪಕ್ಕದಲ್ಲೇ ಬರೆಯುತ್ತೇವೆ. ಆಮೇಲೆ ಇನ್ನೊಂದು ಮೋಟರಿನಿಂದ 10,000 ಸುತ್ತಿನಲ್ಲಿ ತಿರುಗಿಸಿ ಎರಡು ಫೇಸುಗಳ (ವೈಂಡಿಂಗಿನ ಭಾಗಗಳ) ನಡುವಿನ ವೋಲ್ಟೇಜಿನ ಅಲೆಯನ್ನು ಆಸಿಲೋಸ್ಕೋಪಿನಲ್ಲಿ ನೋಡುತ್ತೇವೆ. ತುದಿಬೆಲೆ 7 ವೋಲ್ಟ್ ಇರಬೇಕು. 10,000ವನ್ನು 1500ರಿಂದ ಭಾಗಿಸಿದಾಗ ಸಿಗುವ 6.67 ಅಲ್ಲ, ಏಕೆಂದರೆ ಆರು ಹೆಜ್ಜೆಯ ಕಮ್ಯುಟೇಷನ್ (ಫೇಸಿನಿಂದ ಫೇಸಿಗೆ ಕರೆಂಟ್ ಬದಲಿಸುವ ಕ್ರಮ) ಬಳಸಿಕೊಳ್ಳುವುದು ಸೈನ್ ಅಲೆಯ ನೆತ್ತಿಯ 60 ಡಿಗ್ರಿಯನ್ನು, ಅದರ ಸರಾಸರಿ ತುದಿಬೆಲೆಯ 0.955 ಪಾಲು. ಇದನ್ನು ಮರೆತರೆ ಸರಿಯಾದ ಮೋಟರೂ ತಪ್ಪಾಗಿ ಕಾಣುತ್ತದೆ.

ನಂತರ ಹಬೆಯ ಆವರ್ತನಗಳು, ಗುರಿ ಸಾವಿರ. ಪ್ರತಿಬಾರಿಯೂ ಕ್ಷಾರೀಯ ದ್ರಾವಣದಲ್ಲಿ ತೊಳೆತ, 134 ಡಿಗ್ರಿ ಹಬೆ, ಗಾಳಿಯಲ್ಲಿ ಆರಿಕೆ, ಒಂದಿಷ್ಟು ಭಾರ ಹಾಕಿ ಓಟ. ತೊಳೆತ ಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ, ಅನೋಡೈಸ್ ಮಾಡಿದ ಅಲ್ಯೂಮಿನಿಯಂ ಕೆಡುವುದೇ ಅಲ್ಲಿ. 50 ಆವರ್ತನಕ್ಕೊಮ್ಮೆ ಮೂರು ಅಂಕಿ ಬರೆಯುತ್ತೇವೆ: 500 ವೋಲ್ಟಿನಲ್ಲಿ ಇನ್ಸುಲೇಷನ್ ರೋಧ, ಹಿಮ್ಮುಖ ವೋಲ್ಟೇಜ್, ಭಾರವಿಲ್ಲದ ಓಟದ ಕರೆಂಟ್. ಇನ್ಸುಲೇಷನ್ ರೋಧವನ್ನು ಆಟೋಕ್ಲೇವಿನಿಂದ ತೆಗೆದೊಡನೆ ಒಮ್ಮೆ, ಒಂದು ದಿನ ಒಣಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಒಣಗಿದ ಮೇಲೆ ಚೇತರಿಸಿಕೊಂಡರೆ ತೇವ ಮೇಲ್ಮೈಯಲ್ಲಿತ್ತು. 100 ಮೆಗಾಓಮ್ ದಾಟದೆ ಅಲ್ಲೇ ನಿಂತರೆ ನೀರು ಎಪಾಕ್ಸಿಯೊಳಗೆ ಮನೆ ಮಾಡಿದೆ, ಆ ಮೋಟರನ್ನು ಕೊಯ್ದು ನೋಡುತ್ತೇವೆ. ಹಿಮ್ಮುಖ ವೋಲ್ಟೇಜ್ ಇಳಿದರೆ ಅಯಸ್ಕಾಂತದ ತೊಂದರೆ. ಭಾರವಿಲ್ಲದ ಓಟದ ಕರೆಂಟ್ ಉಳಿದೆಲ್ಲಕ್ಕಿಂತ ಮುಂಚೆ ಮಾತಾಡುತ್ತದೆ. ಅದು ನಿಧಾನಕ್ಕೆ ಏರುತ್ತಿದ್ದರೆ ಗ್ರೀಸ್ ಗಟ್ಟಿಯಾಗುತ್ತಿದೆ, ಏರಿ ಇಳಿದು ತೊಯ್ದಾಡುತ್ತಿದ್ದರೆ ಗುಂಡುಗಳ ಪಂಜರ ಸವೆದಿದೆ, ಇದ್ದಕ್ಕಿದ್ದಂತೆ ಇಳಿದರೆ ಸೀಲಿನ ತುಟಿ ಹರಿದಿದೆ. ಆ ಕೊನೆಯದನ್ನು ಸುಧಾರಣೆ ಎಂದು ಬಗೆದು ಪರೀಕ್ಷೆ ಮುಂದುವರಿಸಬಾರದು. ಅಲ್ಲೇ ನಿಲ್ಲಿಸಿ, ಗೇರ್ ಬಿಚ್ಚಿ, ಗ್ರೀಸಿನಲ್ಲಿ ನೀರಿದೆಯೇ ಎಂದು ನೋಡಬೇಕು.